ಐಹೊಳೆಯ ಬೌದ್ಧ ಗುಡಿಯಲ್ಲಿ ಒಲೆ ಎಲ್ಲಿತ್ತು?

ಹೋದ ಚಳಿಗಾಲದಲ್ಲಿ ನಮ್ಮ ಚಿಗವ್ವನನ್ನು ಐಹೊಳೆಗೆ ಕರೆದುಕೊಂಡು ಹೋಗಿದ್ದೆ. ಬಾಗಲಕೋಟೆಯಲ್ಲೇ ಅರವತ್ತು ವರ್ಷ ಕಳೆದವಳು, ಆದರೆ ಐಹೊಳೆ ನೋಡಿರಲಿಲ್ಲ. ನಮ್ಮ ಕಡೆ ಇದೇನು ಹೊಸದಲ್ಲ. ಎಲ್ಲೆಲ್ಲಿಂದಲೋ ಜನ ವಿಮಾನ ಹತ್ತಿ ಬಂದು ನೋಡುವ ಜಾಗವನ್ನು ನಾವು ಬಸ್ಸಿನ ಕಿಟಕಿಯಿಂದ ನೋಡಿ ಮುಗಿಸಿಬಿಡುತ್ತೇವೆ.

ದುರ್ಗದ ಗುಡಿ, ಲಾಡಖಾನ ಗುಡಿ ಎಲ್ಲ ನೋಡಿ ಮೇಗುಟಿ ಗುಡ್ಡ ಹತ್ತಿದೆವು. ತುದಿ ಮುಟ್ಟಲು ಇನ್ನು ಸ್ವಲ್ಪವೇ ಮೆಟ್ಟಿಲು ಉಳಿದಿರುವಾಗ ಬಂಡೆಗೆ ಬೆನ್ನು ಕೊಟ್ಟು ನಿಂತ ಎರಡಂತಸ್ತಿನ ಒಂದು ಕಟ್ಟಡ ಸಿಗುತ್ತದೆ. ಅದೇ ಬೌದ್ಧ ಗುಡಿ. ಚಿಗವ್ವ ಚಪ್ಪಲಿ ಬಿಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು ಒಳಗೆ ಹೋದಳು. ಕೆಳಗೆ ನೋಡಿದಳು, ಮೇಲೆ ನೋಡಿದಳು, ಹೊರಗೆ ಬಂದಳು.

"ಇದರಾಗ ದೇವರೂ ಇಲ್ಲ, ಒಲಿನೂ ಇಲ್ಲ. ಇದು ಗುಡೀನೋ, ಮನೀನೋ ತಮ್ಮಾ?"

ಆಗ ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ಅನ್ನಿಸಿತು, ಈ ಕಟ್ಟಡವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಹಿಡಿಯಬೇಕಾದ ಎಳೆ ಇದೇ. ಇಲ್ಲಿ ಇದ್ದವರು ಯಾರು? ಅವರಿಗೆ ಊಟ ಯಾರು ಹಾಕುತ್ತಿದ್ದರು? ಈ ಎರಡನೇ ಪ್ರಶ್ನೆಯ ಬೆನ್ನು ಹತ್ತಿದರೆ ಗುಡ್ಡದ ಮೇಲಿನ ಆ ಎರಡು ಅಂತಸ್ತು ಯಾಕೆ ಎದ್ದವು, ಯಾಕೆ ಬರಿದಾದವು ಅನ್ನುವುದೂ ತಿಳಿಯುತ್ತದೆ.

ಅರ್ಧ ಕಟ್ಟಿದ್ದು, ಅರ್ಧ ಕೊರೆದದ್ದು

ಮೊದಲು ಕಟ್ಟಡವನ್ನೇ ನೋಡೋಣ. ಇದಕ್ಕೆ ಶಿಖರ ಇಲ್ಲ. ನೆಲ ಅಂತಸ್ತಿಗೊಂದು ಪಡಸಾಲೆ, ಅದರ ಮೇಲೆ ಇನ್ನೊಂದು ಪಡಸಾಲೆ. ಎರಡೂ ಅಂತಸ್ತಿನ ಮುಂದುಗಡೆ ನಾಲ್ಕು ಚೌಕ ಕಂಬ, ಅಕ್ಕಪಕ್ಕದ ಗೋಡೆಗೆ ಅಂಟಿಕೊಂಡ ಎರಡು ಅರೆಗಂಬ. ಪಡಸಾಲೆಯಿಂದ ಒಳಕ್ಕೆ ಹೋದರೆ ಗುಡ್ಡದ ಹೊಟ್ಟೆಯೊಳಗೆ ಸಣ್ಣ ಕೋಣೆಗಳು. ಅಂದರೆ ಮುಂದಿನ ಭಾಗ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು, ಹಿಂದಿನ ಭಾಗ ಬಂಡೆ ಕೊರೆದು ಮಾಡಿದ್ದು. ದೂರದಿಂದ ನೋಡಿದರೆ ನಮ್ಮ ಊರುಗಳ ಹಳೇ ಮಾಳಿಗೆ ಮನೆ ನೆನಪಾಗುತ್ತದೆ. ಚಿಗವ್ವನಿಗೆ ಮನೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ.

ಕಾಲ 6ನೇ ಶತಮಾನದ ಕೊನೆ ಅಂತ ಹೇಳುತ್ತಾರೆ. ಬಾದಾಮಿ ಚಾಲುಕ್ಯರು ತಲೆ ಎತ್ತುತ್ತಿದ್ದ ಹೊತ್ತು. 543ರಲ್ಲಿ ಒಂದನೇ ಪುಲಕೇಶಿ ಬಾದಾಮಿಯ ಕೋಟೆ ಕಟ್ಟಿದ. 578ರಲ್ಲಿ ಅಲ್ಲಿನ ಮೂರನೇ ಗುಹೆಯಲ್ಲಿ ವಿಷ್ಣುವಿನ ಪ್ರತಿಷ್ಠೆ ಆಯಿತು. ಐಹೊಳೆಯ ಕಲ್ಲುಕುಟಿಗರು ಆ ದಿನಗಳಲ್ಲಿ ಎಲ್ಲ ಬಗೆಯ ಪ್ರಯೋಗವನ್ನೂ ಮಾಡುತ್ತಿದ್ದರು. ಬಂಡೆ ಕೊರೆಯುವ ಹಳೇ ಕೈಚಳಕ, ಕಲ್ಲು ಜೋಡಿಸುವ ಹೊಸ ಕೈಚಳಕ ಎರಡೂ ಒಂದೇ ಕಟ್ಟಡದಲ್ಲಿ ಸೇರಿರುವುದನ್ನು ನೋಡಬೇಕಾದರೆ ಇಲ್ಲಿಗೇ ಬರಬೇಕು. ದುರ್ಗದ ಗುಡಿಯ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುವವರಿಗೆ ಇದು ಸಿಗುವುದಿಲ್ಲ.

ಬೌದ್ಧರ ಕಟ್ಟಡಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಚೈತ್ಯ. ಒಳಗೆ ಸ್ತೂಪ ಇರುತ್ತದೆ, ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಇನ್ನೊಂದು ವಿಹಾರ, ಭಿಕ್ಷುಗಳು ಉಳಿದುಕೊಳ್ಳುವ ಜಾಗ. ಶುರುವಿನಲ್ಲಿ ಇವು ಬೇರೆ ಬೇರೆಯಾಗಿಯೇ ಇದ್ದವು. ಆಮೇಲೆ ಭಿಕ್ಷುಗಳ ಮನೆಯೊಳಗೇ ಬುದ್ಧನಿಗೂ ಒಂದು ಕೋಣೆ ಕೊಡುವ ರೂಢಿ ಬಂತು. 5ನೇ ಶತಮಾನದ ಅಜಂತಾದ ವಿಹಾರಗಳಲ್ಲಿ ನಡುವೆ ದೊಡ್ಡ ಹಜಾರ, ಸುತ್ತ ಭಿಕ್ಷುಗಳ ಕೋಣೆ, ಎದುರಿನ ಗೋಡೆಯ ಒಳಗೆ ಬುದ್ಧ. ಐಹೊಳೆಯ ಕಟ್ಟಡ ಈ ಜಾತಿಗೆ ಸೇರಿದ್ದು, ಗಾತ್ರದಲ್ಲಿ ಮಾತ್ರ ಬಹಳ ಚಿಕ್ಕದು. ಆದ್ದರಿಂದ ಗುಡಿಯೋ ಮನೆಯೋ ಅಂತ ಕೇಳಿದರೆ, ಎರಡೂ ಹೌದು.

ಕೆಳ ಅಂತಸ್ತಿನ ಒಳಬಾಗಿಲ ಚೌಕಟ್ಟಿನ ಕೆತ್ತನೆ ಬಹಳ ಸೂಕ್ಷ್ಮವಾದದ್ದು. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋದರೆ ಚೆನ್ನಾಗಿ ಕಾಣುತ್ತದೆ. ಮೇಲಿನ ಅಂತಸ್ತಿನಲ್ಲಿ ತಲೆ ಎತ್ತಿ ಚಾವಣಿ ನೋಡಬೇಕು. ಅಲ್ಲಿ ಬುದ್ಧ ಕೂತಿದ್ದಾನೆ, ತಲೆಯ ಮೇಲೆ ಛತ್ರಿ. ಆ ಛತ್ರಿ ಸುಮ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ. ಬುದ್ಧನನ್ನು ಮನುಷ್ಯ ರೂಪದಲ್ಲಿ ಕೆತ್ತುವ ಮುಂಚೆ ಶಿಲ್ಪಿಗಳು ಆತ ಇದ್ದಾನೆ ಅಂತ ತೋರಿಸಲು ಬೇರೆ ಗುರುತುಗಳನ್ನು ಬಳಸುತ್ತಿದ್ದರು. ಖಾಲಿ ಪೀಠ, ಪಾದದ ಗುರುತು, ಚಕ್ರ, ಅರಳಿ ಮರ, ಛತ್ರಿ. ರಾಜನಿಗೆ ಹಿಡಿಯುವ ಕೊಡೆಯನ್ನು ರಾಜ್ಯ ಬಿಟ್ಟುಹೋದವನ ತಲೆಯ ಮೇಲೆ ಹಿಡಿದರು. ಮುಂದೆ ಮೂರ್ತಿ ಬಂತು, ಆದರೂ ಕೊಡೆಯನ್ನು ಯಾರೂ ಕೆಳಗಿಡಲಿಲ್ಲ.

ಇನ್ನೊಂದು ಬುದ್ಧನ ಮೂರ್ತಿ ಇದೆ, ಅದಕ್ಕೆ ತಲೆ ಇಲ್ಲ. ಒಡೆದವರು ಯಾರು ಅಂತ ಕೇಳಿದರೆ ಒಬ್ಬೊಬ್ಬ ಗೈಡ್ ಒಂದೊಂದು ಕಥೆ ಹೇಳುತ್ತಾನೆ. ನಾನು ಯಾವುದನ್ನೂ ಹಚ್ಚಿಕೊಳ್ಳುವುದಿಲ್ಲ. ಕಲ್ಲಿನ ಮೂರ್ತಿಯಲ್ಲಿ ಎಲ್ಲಕ್ಕಿಂತ ತೆಳ್ಳಗಿನ ಜಾಗ ಕುತ್ತಿಗೆ. ಬಿದ್ದರೂ ಅಲ್ಲೇ ಮುರಿಯುತ್ತದೆ, ಹೊಡೆದರೂ ಅಲ್ಲೇ.

ಗುಡ್ಡದ ಮೇಲಿನ ನೆರೆಹೊರೆ

ಬೌದ್ಧ ಗುಡಿ ದಾಟಿ ಕೆಲವು ಮೆಟ್ಟಿಲು ಹತ್ತಿದರೆ ಗುಡ್ಡದ ತಲೆಯ ಮೇಲೆ ಜೈನ ಬಸದಿ. ಮೇಲಿನ ಗುಡಿ ಅನ್ನುವ ಮಾತೇ ಮೇಗುಡಿ, ಮೇಗುಟಿ ಆಗಿದೆ. ಅದರ ಗೋಡೆಯ ಮೇಲೆ ರವಿಕೀರ್ತಿ ಬರೆದ ಹೆಸರುವಾಸಿ ಶಾಸನ ಇದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು, ಶಕ 556, ಅಂದರೆ ಕ್ರಿ.ಶ. 634. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದನ್ನು ಕವಿ ಅದರಲ್ಲಿ ಹೊಗಳುತ್ತಾನೆ. ಹರ್ಷನ ಹರ್ಷವೇ ಭಯದಿಂದ ಕರಗಿಹೋಯಿತು ಅಂತ ಹೆಸರಿನ ಮೇಲೆ ಆಟ ಆಡುತ್ತಾನೆ. ಕೊನೆಗೆ ತಾನೂ ಕಾಳಿದಾಸ, ಭಾರವಿಯಷ್ಟೇ ಕೀರ್ತಿ ಪಡೆದವನು ಅಂತ ಬರೆದುಕೊಳ್ಳುತ್ತಾನೆ. ಆ ಕಾಲದ ಸ್ಟೇಟಸ್ ಅಂತ ಇಟ್ಟುಕೊಳ್ಳಿ.

ಇದಾದ ಕೆಲವೇ ವರ್ಷಗಳಿಗೆ, ಸುಮಾರು 641ರಲ್ಲಿ, ಚೀನಾದ ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಪುಲಕೇಶಿಯ ರಾಜ್ಯಕ್ಕೆ ಬಂದ. ಅವನೂ ಅದೇ ಮಾತು ಬರೆದಿದ್ದಾನೆ. ಉತ್ತರದಲ್ಲಿ ಎಲ್ಲರನ್ನೂ ಗೆದ್ದ ರಾಜನಿಗೆ ಈ ನಾಡನ್ನು ಗೆಲ್ಲಲಾಗಲಿಲ್ಲ ಅಂತ. ಸೋತು ಬಂದ ಸೇನಾಪತಿಗೆ ಇಲ್ಲಿ ಬೇರೆ ಶಿಕ್ಷೆ ಇಲ್ಲ, ಹೆಂಗಸರ ಬಟ್ಟೆ ಕೊಟ್ಟು ಉಡಿಸುತ್ತಾರೆ ಅಂತಲೂ ಬರೆದ. ಒಬ್ಬ ಜೈನ ಕವಿ, ಒಬ್ಬ ಬೌದ್ಧ ಭಿಕ್ಷು, ಇಬ್ಬರೂ ಒಂದೇ ರಾಜನ ಒಂದೇ ಯುದ್ಧದ ಬಗ್ಗೆ ಹೇಳುತ್ತಿದ್ದಾರೆ.

ನಮಗೆ ಬೇಕಾದದ್ದು ಅವನ ಇನ್ನೊಂದು ಮಾತು. ಈ ರಾಜ್ಯದಲ್ಲಿ ಸುಮಾರು 100 ಸಂಘಾರಾಮಗಳು, ಅಂದರೆ ವಿಹಾರಗಳು, 5,000 ಭಿಕ್ಷುಗಳು ಇದ್ದಾರೆ, ಬೌದ್ಧರ ಎರಡು ಪಂಥಗಳಾದ ಮಹಾಯಾನದವರೂ ಹೀನಯಾನದವರೂ ಇದ್ದಾರೆ, ದೇವರ ಗುಡಿಗಳೂ ಸುಮಾರು 100 ಇವೆ ಅಂತ ಅವನು ಬರೆಯುತ್ತಾನೆ. ಈ ಲೆಕ್ಕ ಇಡೀ ರಾಜ್ಯದ್ದು, ಐಹೊಳೆಯೊಂದರದ್ದಲ್ಲ. ಭಾಗಿಸಿ ನೋಡಿದರೆ ಒಂದು ವಿಹಾರಕ್ಕೆ ಸರಾಸರಿ 50 ಜನ. ಐಹೊಳೆಯ ಈ ಕಟ್ಟಡ ಆ ಸರಾಸರಿಗಿಂತ ಚಿಕ್ಕದು ಅಂತ ಕೋಣೆಗಳನ್ನು ನೋಡಿದರೇ ಗೊತ್ತಾಗುತ್ತದೆ.

ಬಾದಾಮಿಯಲ್ಲೂ ಎರಡನೇ ಮತ್ತು ಮೂರನೇ ಗುಹೆಗಳ ನಡುವೆ ಒಂದು ಸಹಜ ಗವಿ ಇದೆ. ಅಲ್ಲಿರುವ ಮೂರ್ತಿಯನ್ನು ಪದ್ಮಪಾಣಿ ಬೋಧಿಸತ್ವ, ಅಂದರೆ ಕೈಯಲ್ಲಿ ತಾವರೆ ಹಿಡಿದ, ಮುಂದೆ ಬುದ್ಧನಾಗಲಿರುವವನು, ಅಂತ ಗುರುತಿಸಿದ್ದಾರೆ. ಶಿವ, ವಿಷ್ಣು, ಜಿನ, ಬುದ್ಧ ಎಲ್ಲರೂ ಕೂಗಳತೆಯಲ್ಲಿ ಇದ್ದ ನಾಡು ಇದು.

ಒಂದು ದಿನ, ಒಂದು ಮಳೆಗಾಲ

ಈಗ ಒಲೆಯ ವಿಷಯ. ಭಿಕ್ಷು ಅನ್ನುವ ಹೆಸರಲ್ಲೇ ಭಿಕ್ಷೆ ಇದೆ. ಭಿಕ್ಷುಗಳ ಸಂಘದ ನಿಯಮಗಳಿಗೆ ವಿನಯ ಅಂತ ಹೆಸರು. ಅದರ ಪ್ರಕಾರ ಭಿಕ್ಷು ತನಗಾಗಿ ತಾನೇ ಅಡುಗೆ ಮಾಡಿಕೊಳ್ಳುವಂತಿಲ್ಲ. ನಾಳೆಗೆ ಅಂತ ಅನ್ನ ಎತ್ತಿಡುವಂತಿಲ್ಲ. ಬೆಳಿಗ್ಗೆ ಪಾತ್ರೆ ಹಿಡಿದು ಊರಿಗೆ ಇಳಿಯಬೇಕು, ಮನೆಗಳ ಮುಂದೆ ಮಾತಿಲ್ಲದೆ ನಿಲ್ಲಬೇಕು. ಕೊಟ್ಟರೆ ತೆಗೆದುಕೊಳ್ಳಬೇಕು, ಕೊಡದಿದ್ದರೆ ಮುಂದಿನ ಮನೆ. ಇಂಥದ್ದೇ ಬೇಕು ಅಂತ ಕೇಳುವ ಹಾಗಿಲ್ಲ. ಸೂರ್ಯ ನೆತ್ತಿಗೆ ಬರುವ ಮುಂಚೆ ಊಟ ಮುಗಿಯಬೇಕು. ಅಲ್ಲಿಂದ ಮರುದಿನ ಬೆಳಗಿನವರೆಗೆ ಗಟ್ಟಿ ಆಹಾರ ಇಲ್ಲ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಕಷ್ಟ ಅಲ್ಲ. ಜೋಳಿಗೆ ಹಾಕಿಕೊಂಡು ಕೋರಾನ್ನಕ್ಕೆ ಬರುವ ಜಂಗಮರನ್ನು ನೋಡಿ ಬೆಳೆದವರು ನಾವು. ಚಿಕ್ಕೋಡಿ, ಅಥಣಿ, ನಿಪ್ಪಾಣಿ ಕಡೆಯ ಜೈನರ ಮನೆಗಳಲ್ಲಿ ಮುನಿಗಳಿಗೆ ಆಹಾರ ಕೊಡುವ ದಿನದ ಗಡಿಬಿಡಿ ಹೇಗಿರುತ್ತದೆ ಅಂತ ಬೆಳಗಾವಿ ಜಿಲ್ಲೆಯವರಿಗೆ ಗೊತ್ತು. ಮೂರೂ ಪದ್ಧತಿ ಬೇರೆ ಬೇರೆ. ಮೂರರಲ್ಲೂ ಸನ್ಯಾಸಿಯ ಹೊಟ್ಟೆ ಸಂಸಾರಸ್ಥರ ಒಲೆಗೆ ಕಟ್ಟುಬಿದ್ದಿದೆ.

ಅದಕ್ಕೇ ವಿಹಾರಗಳು ಊರಿಗೆ ತೀರಾ ಹತ್ತಿರವೂ ಇರುವುದಿಲ್ಲ, ತೀರಾ ದೂರವೂ ಇರುವುದಿಲ್ಲ. ಹತ್ತಿರ ಇದ್ದರೆ ಗದ್ದಲ, ದೂರ ಇದ್ದರೆ ಉಪವಾಸ. ಮೇಗುಟಿ ಗುಡ್ಡದ ಮೇಲಂತಸ್ತಿನಲ್ಲಿ ನಿಂತು ಕೆಳಗೆ ನೋಡಿ. ಐಹೊಳೆ ಊರಿನ ಮಾಳಿಗೆಗಳು ಕಾಣುತ್ತವೆ. ಅಡುಗೆಯ ಹೊಗೆ ಎದ್ದರೆ ಅಲ್ಲಿಂದಲೇ ಗೊತ್ತಾಗುವಷ್ಟು ದೂರ. ಚಿಗವ್ವ ಹುಡುಕಿದ ಒಲೆ ಗುಡ್ಡದ ಕೆಳಗೆ ಇತ್ತು.

ದೊಡ್ಡ ವಿಹಾರಗಳ ಕಥೆ ಬೇರೆ. ಸಾವಿರಾರು ಜನ ಪಾತ್ರೆ ಹಿಡಿದು ಒಂದೇ ಊರಿಗೆ ಇಳಿದರೆ ಊರೇ ಖಾಲಿ ಆಗುತ್ತದೆ. ನಾಲಂದಾಕ್ಕೆ 100 ಊರುಗಳ ಹುಟ್ಟುವಳಿ ಬಿಟ್ಟುಕೊಟ್ಟಿದ್ದರು ಅಂತ ಹ್ಯೂಯೆನ್ ತ್ಸಾಂಗನ ಜೀವನಚರಿತ್ರೆ ಹೇಳುತ್ತದೆ. ಅಲ್ಲಿ ಅಡುಗೆಗೆ ಬೇರೆ ಜನ ಇರುತ್ತಿದ್ದರು.

ದಿನಚರಿಯ ಮೇಲೆ ತಿಂಗಳ ಲೆಕ್ಕ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಭಿಕ್ಷುಗಳೆಲ್ಲ ಒಂದೆಡೆ ಸೇರಬೇಕು. ಇದಕ್ಕೆ ಉಪೋಸಥ ಅಂತ ಹೆಸರು. ಅವತ್ತು ನಿಯಮಗಳ ಪಟ್ಟಿಯನ್ನು ಬಾಯಿಪಾಠವಾಗಿ ಹೇಳುತ್ತಾರೆ. ಪಾಲಿ ಪರಂಪರೆಯಲ್ಲಿ 227 ನಿಯಮ, ಧರ್ಮಗುಪ್ತಕ ಅನ್ನುವ ಇನ್ನೊಂದು ಶಾಖೆಯಲ್ಲಿ 250. ತಪ್ಪು ಮಾಡಿದವರು ಅದನ್ನು ಒಪ್ಪಿಕೊಂಡೇ ಸಭೆಯಲ್ಲಿ ಕೂರಬೇಕು. ಊರಿನ ಉಪಾಸಕರೂ, ಅಂದರೆ ಬುದ್ಧನನ್ನು ನಂಬಿದ ಸಂಸಾರಸ್ಥರೂ, ಅವತ್ತು ಬಿಳಿ ಬಟ್ಟೆ ಉಟ್ಟು ಬಂದು ಎಂಟು ಶೀಲ, ಅಂದರೆ ಎಂಟು ನೇಮ, ಹಿಡಿಯುತ್ತಿದ್ದರು. ಕಾರಹುಣ್ಣಿಮೆ, ಎಳ್ಳಮಾಸಿ ಅಂತ ವರ್ಷವನ್ನೇ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಎಣಿಸುವ ನಮಗೆ ಈ ಲಯ ಹೊಸದಲ್ಲ.

ತಿಂಗಳ ಮೇಲೆ ಮಳೆಗಾಲ. ನನ್ನ ಪ್ರಕಾರ ವಿಹಾರ ಅನ್ನುವ ಕಟ್ಟಡ ಹುಟ್ಟಿದ್ದೇ ಮಳೆಯಿಂದ. ಬುದ್ಧನ ಶುರುವಿನ ಶಿಷ್ಯರು ಒಂದು ಕಡೆ ನಿಲ್ಲುವವರಲ್ಲ, ತಿರುಗುತ್ತಲೇ ಇರುವವರು. ಮಳೆಗಾಲದಲ್ಲೂ ತಿರುಗಿ ಹಸಿ ಹುಲ್ಲು ತುಳಿಯುತ್ತಾರೆ, ಸಣ್ಣ ಸಣ್ಣ ಹುಳಗಳನ್ನು ಕೊಲ್ಲುತ್ತಾರೆ ಅಂತ ಜನ ದೂರು ಹೇಳಿದರಂತೆ. ಆಗ ಬುದ್ಧ ಮೂರು ತಿಂಗಳು ಒಂದೇ ಕಡೆ ಇರಿ ಅಂದ. ಇದು ವರ್ಷಾವಾಸ. ಆಷಾಢ ಹುಣ್ಣಿಮೆಯ ಮರುದಿನ ಶುರುವಾಗುತ್ತದೆ. ಎರೆಮಣ್ಣಿನ ನಾಡಿನಲ್ಲಿ ಮಳೆ ಹಿಡಿದಾಗ ನಾಲ್ಕು ಹೆಜ್ಜೆ ನಡೆದು ನೋಡಿದವರಿಗೆ, ಒಂದೊಂದು ಚಪ್ಪಲಿಗೆ ಎರಡೆರಡು ಕೆಜಿ ಮಣ್ಣು ಮೆತ್ತಿಕೊಂಡವರಿಗೆ, ಈ ನಿಯಮದ ಬೆಲೆ ಬೇಗ ತಿಳಿಯುತ್ತದೆ.

ಮೂರು ತಿಂಗಳಿಗೆ ಅಂತ ಹಾಕಿಕೊಂಡ ಗುಡಿಸಲು ನಿಧಾನಕ್ಕೆ ಇಟ್ಟಿಗೆಯದಾಯಿತು, ಆಮೇಲೆ ಕಲ್ಲಿನದಾಯಿತು. ತಿರುಗಾಡುವವರಿಗೆ ವಿಳಾಸ ಬಂತು. ವಿಳಾಸ ಬಂದ ಮೇಲೆ ದಾನ ಬಂತು.

ಮಳೆಗಾಲ ಮುಗಿಯುವ ದಿನ ಒಂದು ಪದ್ಧತಿ ಇದೆ, ನನಗೆ ಬಹಳ ಇಷ್ಟ. ಅದರ ಹೆಸರು ಪವಾರಣ. ಮೂರು ತಿಂಗಳು ಒಂದೇ ಸೂರಿನ ಕೆಳಗೆ ಇದ್ದ ಭಿಕ್ಷುಗಳು, ನನ್ನಲ್ಲಿ ಏನಾದರೂ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೆ ಹೇಳಿ ಅಂತ ಒಬ್ಬೊಬ್ಬರಾಗಿ ಕೈ ಮುಗಿದು ಕೇಳುತ್ತಾರೆ. ಹಿರಿಯರಿಂದಲೇ ಶುರು. ಕೂಡು ಕುಟುಂಬದಲ್ಲಿ ಬೆಳೆದವರು ಯೋಚಿಸಿ ನೋಡಿ, ಮೂರು ತಿಂಗಳ ನಂತರ ಮನೆಯ ಹಿರಿಯರೇ ಮೊದಲು ಹೀಗೆ ಕೇಳಿದರೆ ಹೇಗಿರುತ್ತದೆ! ಆಮೇಲೆ ಊರಿನವರು ಸಂಘಕ್ಕೆ ಹೊಸ ಬಟ್ಟೆ ಕೊಡುತ್ತಾರೆ. ಅದು ಕಠಿನ. ಭಿಕ್ಷುವಿಗೆ ಇರುವುದೇ ಮೂರು ವಸ್ತ್ರ, ಅದೂ ದಾನದ್ದು. ಊಟ ಊರಿನದು, ಬಟ್ಟೆ ಊರಿನದು, ಕಟ್ಟಡ ಕಟ್ಟಿಸಿದವರೂ ಬೇರೆಯವರು.

ಕಟ್ಟಿಸಿದವರು ಯಾರು?

ರಾಜರು ಅಂತ ತಕ್ಷಣ ಹೇಳಿಬಿಡುತ್ತೇವೆ. ಅಶೋಕ ಇದ್ದನಲ್ಲ, ನಿಜ. ಅವನ ಶಾಸನಗಳು ಮಸ್ಕಿಯಲ್ಲಿವೆ, ಕೊಪ್ಪಳದಲ್ಲಿವೆ, ಸನ್ನತಿಯಲ್ಲಿವೆ. ಸನ್ನತಿಯ ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಚಿತ್ರವೇ ಸಿಕ್ಕಿದೆ, ಪಕ್ಕದಲ್ಲಿ 'ರಾಯ ಅಸೋಕೋ' ಅಂತ ಹೆಸರೂ ಇದೆ. ಬನವಾಸಿಗೆ ರಕ್ಖಿತ ಅನ್ನುವ ಥೇರನನ್ನು, ಅಂದರೆ ಹಿರಿಯ ಭಿಕ್ಷುವನ್ನು, ಧರ್ಮ ಹೇಳಲು ಕಳಿಸಿದರು ಅಂತ ಸಿಂಹಳದ ಹಳೇ ಇತಿಹಾಸ ಗ್ರಂಥ ಮಹಾವಂಸ ಹೇಳುತ್ತದೆ.

ಆದರೆ ಅಶೋಕನ ನಂತರ ಕನ್ನಡ ನಾಡಿನಲ್ಲಿ ಬೌದ್ಧ ಧರ್ಮವನ್ನು ಹೊತ್ತುಕೊಂಡು ನಡೆದವರಲ್ಲಿ ವ್ಯಾಪಾರಿಗಳ ಪಾಲು ದೊಡ್ಡದು. ಮಹಾರಾಷ್ಟ್ರದ ಕಾರ್ಲೆಗೆ ಹೋದವರು ಅಲ್ಲಿನ ದೊಡ್ಡ ಚೈತ್ಯ ನೋಡಿರುತ್ತೀರಿ. ಜಂಬೂದ್ವೀಪದಲ್ಲೇ ಉತ್ತಮವಾದ ಕಲ್ಲಿನ ಮನೆ ಇದು, ಇದನ್ನು ಮುಗಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಅಂತ ಅಲ್ಲಿನ ಶಾಸನದಲ್ಲಿದೆ. ವೈಜಯಂತಿ ಅಂದರೆ ನಮ್ಮ ಬನವಾಸಿ.

ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಹೊಲ ಇದ್ದವನಿಗೆ ಊರ ದೇವರು ಸಾಕು. ದಾರಿಯ ಮೇಲೆ ಬದುಕುವವನಿಗೆ ಪ್ರತಿ ಹದಿನೈದು ಇಪ್ಪತ್ತು ಮೈಲಿಗೆ ನಂಬಿಕೆಯ ಜಾಗ ಬೇಕು. ವಿಹಾರಗಳು ದಾರಿಗಳ ಪಕ್ಕದಲ್ಲೇ ಎದ್ದವು. ಅಲ್ಲಿ ನೀರು, ನೆರಳು, ನಾಲ್ಕು ಒಳ್ಳೆಯ ಮಾತು. ಹುಟ್ಟಿದ ಜಾತಿ ಯಾವುದು, ನೀನು ಸಮುದ್ರ ದಾಟಿದೆಯಾ ಅಂತ ಭಿಕ್ಷುಗಳು ಕೇಳುತ್ತಿರಲಿಲ್ಲ.

ಐಹೊಳೆ ಮುಂದೆ ವ್ಯಾಪಾರಿಗಳ ಹೆಸರಿಗೇ ಅಂಟಿಕೊಂಡಿತು. ಅಯ್ಯಾವೊಳೆ ಐನೂರ್ವರು ಅನ್ನುವ ವರ್ತಕರ ಸಂಘ ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ಹರಡಿತು. ಸುಮಾತ್ರಾ ದ್ವೀಪದ ಬರೂಸಿನಲ್ಲಿ 1088ರ ಅವರ ತಮಿಳು ಶಾಸನ ಇದೆ. ಈ ಸಂಘ ಮೆರೆದದ್ದು ಗುಡ್ಡದ ಬೌದ್ಧ ಗುಡಿ ಎದ್ದ ಎಷ್ಟೋ ಕಾಲದ ನಂತರ, ಆದ್ದರಿಂದ ಅವರೇ ಅದನ್ನು ಕಟ್ಟಿಸಿದರು ಅಂತ ನಾನು ಹೇಳುತ್ತಿಲ್ಲ. ಅಂಥ ಊರಿನಲ್ಲಿ ವಿಹಾರ ಇದ್ದದ್ದು ಆಶ್ಚರ್ಯ ಅಲ್ಲ ಅಂತಷ್ಟೇ.

ಸೆಟ್ಟಿಗಳು ಮತ್ತು ಬುದ್ಧನ ನಂಟು ಸ್ಪಷ್ಟವಾಗಿ ಕಾಣಬೇಕಾದರೆ ಪಕ್ಕದ ಗದಗ ಜಿಲ್ಲೆಯ ಡಂಬಳಕ್ಕೆ ಹೋಗಬೇಕು. ಹಳೇ ಹೆಸರು ಧರ್ಮವೊಳಲು. ಅಲ್ಲಿನ 1095ರ ಶಾಸನದ ಪ್ರಕಾರ 16 ಜನ ಸೆಟ್ಟಿಗಳು ಸೇರಿ ಒಂದು ಬೌದ್ಧ ವಿಹಾರ ಕಟ್ಟಿಸಿದ್ದರು. ಲೊಕ್ಕಿಗುಂಡಿಯ, ಅಂದರೆ ಲಕ್ಕುಂಡಿಯ, ಇನ್ನೊಬ್ಬ ಸೆಟ್ಟಿ ಆರ್ಯತಾರಾದೇವಿಯ ವಿಹಾರ ಕಟ್ಟಿಸಿದ್ದ. ರಾಜ್ಯ ಆಳುತ್ತಿದ್ದವನು ಆರನೇ ವಿಕ್ರಮಾದಿತ್ಯ. ಅದಕ್ಕೆ ಮೂವತ್ತು ವರ್ಷ ಮುಂಚೆ, 1065ರಲ್ಲಿ, ಬಳ್ಳಿಗಾವಿಯಲ್ಲಿ ದಂಡನಾಯಕ ರೂಪಭಟ್ಟಯ್ಯ ಜಯಂತಿ ಬೌದ್ಧ ವಿಹಾರ ಕಟ್ಟಿಸಿ, ಪೂಜೆಗೂ ಅಲ್ಲಿದ್ದವರ ಊಟಕ್ಕೂ ದಾನ ಬಿಟ್ಟ. ನೋಡಿ, ಇಲ್ಲೂ ಊಟ ಬಂತು.

ತಾರಾ ಯಾರು? ಮಹಾಯಾನದವರ ಕರುಣೆಯ ದೇವಿ. ಎಂಟು ಭಯಗಳಿಂದ ಕಾಪಾಡುವವಳು. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸೆರೆ, ನೀರು, ಪಿಶಾಚಿ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಎತ್ತಿನ ಮೇಲೆ ಸರಕು ಹೇರಿಕೊಂಡು ಕಾಡು ದಾಟುವ, ಹಡಗು ಹತ್ತುವ ವ್ಯಾಪಾರಿಗೆ ರಾತ್ರಿ ನಿದ್ದೆ ಕೆಡಿಸುವ ಭಯಗಳೆಲ್ಲ ಇದರಲ್ಲಿ ಇವೆ, ಅಲ್ವಾ? ಬುದ್ಧ ದುಃಖದ ಕಾರಣ ಹೇಳಿದ. ತಾರಾ ಸಂತೆಗೆ ಹೊರಟವನ ಜೊತೆ ದಾರಿಯಲ್ಲಿ ನಡೆದಳು.

ಹಾಗಾದರೆ ಬರಿದಾದದ್ದು ಯಾಕೆ?

ಯಾರೋ ಬಂದು ಒಂದು ದಿನ ಎಲ್ಲ ಒಡೆದುಹಾಕಿದರು ಅನ್ನುವ ಕಥೆ ಕೇಳಲು ಸುಲಭ. ಮೇಲಿನ ಇಸವಿಗಳನ್ನು ನೋಡಿದರೆ ಅದು ಕೂಡಿಬರುವುದಿಲ್ಲ. ಐಹೊಳೆಯ ಗುಡಿ ಎದ್ದು ಸುಮಾರು ಐನೂರು ವರ್ಷ ಆದ ಮೇಲೂ ಡಂಬಳದ ಸೆಟ್ಟಿಗಳು ವಿಹಾರಕ್ಕೆ ದಾನ ಕೊಡುತ್ತಿದ್ದರು. ಅಂದರೆ ಇದು ನಿಧಾನವಾಗಿ ಆರಿದ ದೀಪ.

ಎಣ್ಣೆ ಹಾಕುವವರು ಬೇರೆ ಕಡೆ ಹೋದರು. ಬ್ರಾಹ್ಮಣರಿಗೆ ಅಗ್ರಹಾರ, ಶಿವನಿಗೆ ಗುಡಿ, ಕಾಳಾಮುಖರು ಅನ್ನುವ ಶೈವ ಸನ್ಯಾಸಿಗಳಿಗೆ ಮಠ, ಜೈನರಿಗೆ ಬಸದಿ. ಬಳ್ಳಿಗಾವಿಯ ಕೋಡಿಯ ಮಠ ದೊಡ್ಡ ವಿದ್ಯಾಕೇಂದ್ರವೇ ಆಗಿತ್ತು. ವಿಹಾರದಲ್ಲಿ ಸಿಗುತ್ತಿದ್ದ ಓದು, ಔಷಧ, ಊಟ, ತಂಗುವ ಜಾಗ ಈಗ ಬೇರೆ ಕಡೆಯೂ ಸಿಗತೊಡಗಿತು. 12ನೇ ಶತಮಾನದಲ್ಲಿ ಶರಣರು ಬಂದರು. ಬಾಗೇವಾಡಿಯಿಂದ ಕೂಡಲಸಂಗಮಕ್ಕೆ, ಅಲ್ಲಿಂದ ಕಲ್ಯಾಣಕ್ಕೆ ನಡೆದ ಬಸವಣ್ಣನ ದಾರಿ ನಮ್ಮ ಜಿಲ್ಲೆಗಳ ನಡುವಿನದೇ. ಜಾತಿ ಕೇಳದೆ ಒಳಗೆ ಕರೆಯುವ ಕೆಲಸವನ್ನು ಅವರು ಕನ್ನಡದಲ್ಲೇ, ಸಂಸಾರಸ್ಥರ ನಡುವೆಯೇ ಮಾಡಿದರು. ಕಾಯಕ ಮಾಡು, ದಾಸೋಹ ಮಾಡು ಅಂದರು. ಉಣ್ಣುವವನೂ ದುಡಿಯಬೇಕು ಅನ್ನುವ ಮಾತಿನ ಎದುರು ಪಾತ್ರೆ ಹಿಡಿದು ನಿಲ್ಲುವುದು ಕಷ್ಟ ಆಗಿರಬೇಕು. ಇದು ನನ್ನ ಊಹೆ.

ಇನ್ನೂ ಒಳಗಿನ ಕಾರಣ ಒಂದಿದೆ, ಅದೇ ಮುಖ್ಯ ಅನ್ನಿಸುತ್ತದೆ. ಹಳೇ ಬೌದ್ಧ ಧರ್ಮದಲ್ಲಿ ಭಿಕ್ಷುವಾಗುವುದು ಹೇಗೆ, ಹೇಗೆ ಕೂರಬೇಕು, ಹೇಗೆ ಉಣ್ಣಬೇಕು ಅನ್ನುವುದಕ್ಕೆಲ್ಲ 227 ನಿಯಮ ಇದ್ದವು. ಸಂಸಾರಸ್ಥ ಬೌದ್ಧನಾಗಿ ಉಳಿಯುವುದು ಹೇಗೆ ಅನ್ನುವುದಕ್ಕೆ ಅಷ್ಟು ಗಟ್ಟಿ ಕಟ್ಟು ಇರಲಿಲ್ಲ. ಸೆಟ್ಟಿ ವಿಹಾರಕ್ಕೂ ಕೊಡುತ್ತಿದ್ದ, ಬಸದಿಗೂ ಕೊಡುತ್ತಿದ್ದ, ಶಿವನ ಗುಡಿಗೂ ಕೊಡುತ್ತಿದ್ದ. ಮಗಳ ಮದುವೆ ಮಾಡಿಸಲು ಬೇರೆ ಪುರೋಹಿತ, ಸತ್ತಾಗ ಬೇರೆ ಶಾಸ್ತ್ರ. ಬೌದ್ಧ ಅನ್ನುವ ಗುರುತು ಅವನ ಮನೆಯೊಳಗೆ ಇಳಿದಿರಲೇ ಇಲ್ಲ. ಆದ್ದರಿಂದ ಭಿಕ್ಷು ಊರು ಬಿಟ್ಟ ದಿನ ಊರಿನಲ್ಲಿ ಬೌದ್ಧರು ಅಂತ ಯಾರೂ ಉಳಿಯಲಿಲ್ಲ. ಜೈನರದ್ದು ಹಾಗಲ್ಲ. ಮುನಿಗಳ ಸಂಖ್ಯೆ ಇಳಿದಾಗಲೂ ಶ್ರಾವಕರ, ಅಂದರೆ ಜೈನ ಸಂಸಾರಸ್ಥರ, ಮನೆಗಳಲ್ಲಿ ಹಬ್ಬ, ಮದುವೆ, ಊಟದ ಕಟ್ಟಳೆ ಎಲ್ಲ ಜೈನವಾಗಿಯೇ ಇದ್ದವು. ಅದಕ್ಕೇ ಬೆಳಗಾವಿ ಜಿಲ್ಲೆಯಲ್ಲಿ ಇವತ್ತೂ ಊರೂರಿಗೆ ಬಸದಿ ಇದೆ.

ಒಲೆಯ ಕಡೆಯಿಂದ ಮತ್ತೆ ಶುರು

ಈಗ ಎಂಟು ಶತಮಾನ ದಾಟಬೇಕು. 1925ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ಮುಂಬೈ ಪ್ರಾಂತದ ಅಸ್ಪೃಶ್ಯರ ಪರಿಷತ್ತು ನಡೆಯಿತು, ಡಾ. ಅಂಬೇಡ್ಕರ್ ಬಂದಿದ್ದರು. ಬೆಳಗಾವಿ ಮತ್ತು ಅವತ್ತಿನ ಅಖಂಡ ಬಿಜಾಪುರ ಜಿಲ್ಲೆಗಳು ಆಗ ಮುಂಬೈ ಪ್ರಾಂತಕ್ಕೇ ಸೇರಿದ್ದವು. ಮಹಾರಾಷ್ಟ್ರದಲ್ಲಿ ಎದ್ದ ಗಾಳಿ ಇಲ್ಲಿಗೆ ಬೇಗ ತಲುಪುತ್ತಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧರಾದಾಗಲೂ ನಮ್ಮ ಜಿಲ್ಲೆಗಳು ಮುಂಬೈ ರಾಜ್ಯದಲ್ಲೇ ಇದ್ದವು. ಮೈಸೂರು ರಾಜ್ಯಕ್ಕೆ ಬಂದದ್ದು ಆಮೇಲೆ, ನವೆಂಬರ್ 1ಕ್ಕೆ.

ನಾಗಪುರದಲ್ಲಿ ನಡೆದದ್ದರಲ್ಲಿ ಒಂದು ವಿಷಯ ಗಮನಿಸಬೇಕು. ಅಂಬೇಡ್ಕರ್ ಹಿರಿಯ ಭಿಕ್ಷು ಚಂದ್ರಮಣಿಯವರಿಂದ ದೀಕ್ಷೆ ಪಡೆದರು. ಅಲ್ಲಿ ನೆರೆದಿದ್ದ ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟವರು ಮಾತ್ರ ಸ್ವತಃ ಅಂಬೇಡ್ಕರ್. ಅವರು ಭಿಕ್ಷುವಲ್ಲ, ಸಂಸಾರಸ್ಥರು. ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋಗುವ ತ್ರಿಶರಣ, ಐದು ನೇಮಗಳ ಪಂಚಶೀಲದ ಜೊತೆಗೆ 22 ಪ್ರತಿಜ್ಞೆಗಳನ್ನೂ ಹೇಳಿಸಿದರು. ಯಾವ ದೇವರನ್ನು ಪೂಜಿಸುವುದಿಲ್ಲ, ಶ್ರಾದ್ಧ ಮಾಡುವುದಿಲ್ಲ, ಯಾವ ಶಾಸ್ತ್ರಕ್ಕೆ ಯಾರನ್ನು ಕರೆಯುವುದಿಲ್ಲ ಅನ್ನುವ ಮನೆಯೊಳಗಿನ ಮಾತುಗಳೇ ಅದರಲ್ಲಿ ಜಾಸ್ತಿ. ಹಳೇ ಧರ್ಮ ಎಲ್ಲಿ ಸಡಿಲ ಇತ್ತೋ ಅಲ್ಲೇ ಗಂಟು ಹಾಕಿದರು.

ಅದರ ಫಲವನ್ನು ವಿಜಯಪುರ, ಬೆಳಗಾವಿ, ಬಾಗಲಕೋಟೆಯ ಓಣಿಗಳಲ್ಲಿ ನೋಡಬಹುದು. ಇಲ್ಲಿನ ಬುದ್ಧ ವಿಹಾರ ಅಂದರೆ ಸಾಮಾನ್ಯವಾಗಿ ಒಂದು ಹಾಲ್. ಎದುರಿಗೆ ಬುದ್ಧನ ಮೂರ್ತಿ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ, ಹೂವು, ಊದುಬತ್ತಿ, ಮೇಣದಬತ್ತಿ. ಭಿಕ್ಷು ಅಲ್ಲೇ ಇರಬೇಕು ಅಂತೇನಿಲ್ಲ. ಓಣಿಯ ಹಿರಿಯರೊಬ್ಬರು, ಕೆಲವೊಮ್ಮೆ ನಿವೃತ್ತ ಮೇಷ್ಟ್ರು, ಮುಂದೆ ನಿಂತು 'ಬುದ್ಧಂ ಶರಣಂ ಗಚ್ಛಾಮಿ' ಹೇಳಿಸುತ್ತಾರೆ. ಅದೇ ಹಾಲಿನಲ್ಲಿ ಮದುವೆ, ಬಿಳಿ ಬಟ್ಟೆ ಉಟ್ಟ ಗಂಡು ಹೆಣ್ಣು. ಅದೇ ಹಾಲಿನಲ್ಲಿ ಮಕ್ಕಳ ಟ್ಯೂಷನ್. ಏಪ್ರಿಲ್ 14, ಬುದ್ಧ ಪೂರ್ಣಿಮೆ, ದೀಕ್ಷೆಯ ದಿನ, ಡಿಸೆಂಬರ್ 6, ಇವು ವರ್ಷದ ಕಂಬಗಳು. ಗಡಿಯ ಊರುಗಳಲ್ಲಿ ಹಾಡು ಮರಾಠಿಯಲ್ಲೂ ಇರುತ್ತದೆ, ಕನ್ನಡದಲ್ಲೂ ಇರುತ್ತದೆ.

ಇದೆಲ್ಲ ಕಾಗದದಲ್ಲಿ ಕಾಣಲು ಮಾತ್ರ ತಡವಾಯಿತು. ಪರಿಶಿಷ್ಟ ಜಾತಿಯ ಪಟ್ಟಿ 1950ರಲ್ಲಿ ಹಿಂದೂಗಳಿಗೆ ಸೀಮಿತ ಆಗಿತ್ತು, 1956ರಲ್ಲಿ ಸಿಖ್ಖರಿಗೆ ವಿಸ್ತರಿಸಿದರು, ಬೌದ್ಧರಿಗೆ ಸಿಕ್ಕಿದ್ದು 1990ರಲ್ಲಿ. ಅಲ್ಲಿಯವರೆಗೆ ಗೋಡೆಯ ಮೇಲೆ ಬುದ್ಧ, ಸರ್ಟಿಫಿಕೇಟಿನಲ್ಲಿ ಹಿಂದೂ ಅಂತ ಇದ್ದ ಮನೆಗಳು ಕಡಿಮೆ ಏನಲ್ಲ.

ಬುದ್ಧ ಪೂರ್ಣಿಮೆಗೆ ವಿಹಾರದ ಮುಂದೆ ಪಾಯಸ ಹಂಚುತ್ತಾರೆ. ಉಪವಾಸದಿಂದ ಎಲುಬಿನ ಹಂದರ ಆಗಿದ್ದ ಸಿದ್ಧಾರ್ಥನಿಗೆ ಸುಜಾತಾ ಅನ್ನುವ ಹೆಣ್ಣುಮಗಳು ಹಾಲಿನ ಪಾಯಸ ಕೊಟ್ಟಳು, ಅದನ್ನು ಉಂಡ ಮೇಲೆಯೇ ಆತ ಬೋಧಿವೃಕ್ಷದ ಕೆಳಗೆ ಕೂತ. ಒಂದು ವರ್ಷ ವಿಜಯಪುರದ ಒಂದು ಓಣಿಯಲ್ಲಿ ನಾನೂ ಆ ಪಾಯಸ ಉಂಡಿದ್ದೇನೆ. ದೊಡ್ಡ ಪಾತೇಲಿ ವಿಹಾರದ ಅಂಗಳದಲ್ಲೇ ಒಲೆಯ ಮೇಲೆ ಕುದಿಯುತ್ತಿತ್ತು.

ಮೇಗುಟಿ ಗುಡ್ಡ ಇಳಿದು ಬಂದ ಮೇಲೆ ಇದನ್ನೆಲ್ಲ ನನಗೆ ತಿಳಿದ ಮಟ್ಟಿಗೆ ಚಿಗವ್ವನಿಗೆ ಹೇಳುತ್ತಿದ್ದೆ. ಒಂದು ಬೇವಿನ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ, ಕೊನೆಗೆ ಅಮೀನಗಡದ ಕರದಂಟು. ಚಿಗವ್ವ ರೊಟ್ಟಿ ಮುರಿಯುವ ಮುಂಚೆ ನನ್ನ ಕೈ ಹಿಡಿದು ಗಡಿಯಾರ ನೋಡಿದಳು. ಹನ್ನೆರಡೂಮುಕ್ಕಾಲು.

"ಅವರದು ಊಟದ ಹೊತ್ತು ಮೀರಿಹೋತು," ಅಂದಳು ಗುಡ್ಡದ ಕಡೆ ನೋಡುತ್ತ. "ನಾವು ಸಂಸಾರಸ್ಥರು, ಉಣ್ಣೋಣು ಬಾ."